ಹೆಂಗಸರ ಬಾಗಿಲಿನ ಕೆಮ್ಮು

ಹುಮನಾಬಾದಿನ ಹಳೆಯ ಟಾಕೀಸು 2001ರಲ್ಲಿ ಕೇಬಲ್ ಟಿ.ವಿ. ಸ್ಟುಡಿಯೋ ಆಯಿತು; ಆದರೆ ಗೇಟ್‌ಕೀಪರ್ ಲತೀಫಸಾಬನ ಪಾಲಿಗೆ ಅದಿನ್ನೂ ಟಾಕೀಸೇ. ಕಣ್ಣು ಕುಕ್ಕುವ ದೀಪಗಳ ನಡುವೆಯೂ ಬಂದವರ ಕಾಲ ಮುಂದೆ ಟಾರ್ಚ್ ಬೆಳಕು ಬಿಟ್ಟು, "ಸಂಭಾಳಿಸಿ ನಡೀರಿ, ಮೆಟ್ಟಲ ಅವ" ಎನ್ನುತ್ತಾನೆ. ಮೆಟ್ಟಿಲು ಕಿತ್ತುಹಾಕಿ ಕಾಲವಾಗಿದೆ. ವಾರ್ತೆ ಓದುವ ಕೋಣೆ ಮೊದಲು ಹೆಂಗಸರಷ್ಟೇ ಕೂತು ಸಿನಿಮಾ ನೋಡುವ ಕ್ಲಾಸು ಆಗಿತ್ತು. ಅಲ್ಲಿಗೆ ಚಹಾ ಒಯ್ಯುವಾಗ ಬಾಗಿಲಲ್ಲಿ ನಿಂತು ಜೋರಾಗಿ ಕೆಮ್ಮುತ್ತಾನೆ, ರೆಕಾರ್ಡಿಂಗ್ ಕೆಡುತ್ತದೆ. "ಯಾಕ ಕೆಮ್ಮತೀರಿ ಚಾಚಾ?" ಎಂದು ವಾರ್ತೆ ಓದುವ ರೂಪಾಲಿ ಕೇಳಿದರೆ, "ಗಂಡಸರು ಹಂಗೇ ಒಳಗ ಬರಬಾರದವ್ವ" ಎನ್ನುತ್ತಾನೆ. ಆ ಬಾಗಿಲು ಕಾಯುತ್ತಿದ್ದವಳು ಅವನ ಹೆಂಡತಿ ಕುಲ್ಸುಮ್ ಬೀ; ಇವನ ಕೆಮ್ಮು ಕೇಳಿದರೆ ಬಾಗಿಲ ಪರದೆಯ ಹಿಂದಿನಿಂದ "ಬರ್ರಿ" ಎನ್ನುತ್ತಿದ್ದಳು. ಟಾಕೀಸು ಮುಚ್ಚಿದ ವರ್ಷವೇ ತೀರಿಕೊಂಡಳು. ಮೊನ್ನೆ ರೂಪಾಲಿ ಕೆಮ್ಮಿಗೆ ಬೇಸತ್ತು ಒಳಗಿನಿಂದಲೇ "ಬರ್ರಿ" ಎಂದಳು. ಲತೀಫಸಾಬ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಇನ್ನೊಮ್ಮೆ ಕೆಮ್ಮಿದ.