ಪೋನಿ ಎಂದರೆ ನಾನಲ್ಲ

ಮಗಳ ಕೂದಲಿಗೆ ರಬ್ಬರ್ ಬ್ಯಾಂಡ್ ಕೊಳ್ಳಲೆಂದು ಮೊನ್ನೆ ಪಂಪ್‌ವೆಲ್‌ನ ಫ್ಯಾನ್ಸಿ ಅಂಗಡಿಗೆ ಹೊಕ್ಕಿದ್ದೆ. “ಪೋನಿಗಾದ್ರೆ ಇದು ಗಟ್ಟಿ ಉಂಟು” ಎಂದು ಅಂಗಡಿಯ ಹುಡುಗಿ ಒಂದು ಕೆಂಪು ಬ್ಯಾಂಡ್ ಮುಂದಿಟ್ಟಳು. ಆ ಪದ ಕಿವಿಗೆ ಬಿದ್ದದ್ದೇ ತಡ, ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ ಎಂದು ಆಗ ಗೊತ್ತಾಯಿತು.

ನಾನು ಚಿಕ್ಕವಳಿದ್ದಾಗ ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆ ಇಂಗ್ಲಿಷ್ ಟೀಚರದ್ದು. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ, ಕೋಪ ಬಂದರೆ ಮಾತ್ರ ಇಂಗ್ಲಿಷ್. ಸಂಜೆ ಅವರ ಜಗಲಿಯಲ್ಲಿ ನನಗೂ ತಂಗಿಗೂ ಪಾಠ. ಹೇನು ತುಂಬಿದೆಯೆಂದು ಅಮ್ಮ ನನ್ನ ಕೂದಲನ್ನು ಕಿವಿಯವರೆಗೆ ಕತ್ತರಿಸಿಬಿಟ್ಟಿದ್ದರು. ತಂಗಿಯದು ಎತ್ತಿ ಕಟ್ಟಿದ ಜುಟ್ಟು. ಅವಳು ಓಡಿದರೆ ಅದೂ ಕುಣಿಯುತ್ತಿತ್ತು, ನೋಡಿದವರೆಲ್ಲ ಮುದ್ದು ಮಾಡುತ್ತಿದ್ದರು.

ಒಂದು ಸಂಜೆ ಟೀಚರ್ ಗೇಟಿನ ಬಳಿ ನಿಂತು “ಪೋನೀ...” ಎಂದು ಕೂಗಿದರು. ನಮ್ಮದು ತುಳು ಮನೆ, ಹುಡುಗಿಗೆ ಪೊಣ್ಣು ಎನ್ನುತ್ತೇವೆ. ಪಾಪ, ಟೀಚರ ನಾಲಿಗೆಗೆ ತುಳು ಹೊರಳುವುದಿಲ್ಲ ಎಂದುಕೊಂಡು ನಾನೇ ಓಡಿದೆ. ನಾನೂ ಹುಡುಗಿಯೇ ತಾನೆ!

“ನೀನಲ್ಲ ಮಾರಾಯ್ತಿ, ತಂಗಿಯನ್ನು ಕರೆದದ್ದು. ಅವಳ ಜುಟ್ಟು ಪೋನಿಯ ಬಾಲದ ಹಾಗೆ ಉಂಟಲ್ಲ!”

“ಪೋನಿ ಅಂದ್ರೆ ಎಂತ ಟೀಚರ್?”

ಸಣ್ಣ ಜಾತಿಯ ಕುದುರೆ ಎಂದರು. ಮರಿಯಲ್ಲ, ಬೆಳೆದರೂ ಸಣ್ಣದಾಗಿಯೇ ಉಳಿಯುವಂಥದ್ದು. ಆದರೆ ಪದ ಹುಟ್ಟಿದ್ದು ಮಾತ್ರ ಮರಿಯಿಂದಲೇ. ಲ್ಯಾಟಿನ್ನಿನಲ್ಲಿ ಯಾವ ಪ್ರಾಣಿಯ ಮರಿಗೂ ಹೇಳುತ್ತಿದ್ದ ಮಾತು ಫ್ರೆಂಚಿನಲ್ಲಿ ಪುಟ್ಟ ಕುದುರೆಮರಿಯಾಗಿ, ಸ್ಕಾಟ್ಲೆಂಡಿನವರ ಬಾಯಲ್ಲಿ ಸವೆದು ಪೋನಿಯಾಯಿತಂತೆ. ಕೋಳಿ ಸಾಕುವ ಪೌಲ್ಟ್ರಿಗೂ ಅದೇ ಬೇರಂತೆ.

“ಹಾಗಾದ್ರೆ ನಾನು ಕೋಳಿಯಾ?” ಎಂದೆ.

ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ನನ್ನನ್ನು ಕೋಳಿ ಎಂದು ಒಮ್ಮೆಯೂ ಕರೆಯಲಿಲ್ಲ. ಕರೆದಿದ್ದರೂ ಆಗುತ್ತಿತ್ತು...

ತಂಗಿ ಮದುವೆಯಾಗಿ ದುಬೈಗೆ ಹೋದಳು. ಟೀಚರ್ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ನಾನು. ಆಗಲೂ ತರಗತಿಯಲ್ಲಿ ಹಾಜರಿ ಕರೆದಂತೆ ನನ್ನ ಪೂರ್ತಿ ಹೆಸರು ಹೇಳಿ, “ಪೋನಿ ಫೋನ್ ಮಾಡಿದ್ಳಾ?” ಎಂದು ಕೇಳುತ್ತಿದ್ದರು. ಮಾಡಿದಳು ಎನ್ನುತ್ತಿದ್ದೆ. ಅವರ ಮುಖ ಅರಳುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. “ಅಕ್ಕಾ, ಇನ್ನು ನನ್ನನ್ನು ಪೋನಿ ಅಂತ ಕರೆಯುವವರು ಯಾರೂ ಇಲ್ಲ” ಎಂದು ತಂಗಿ ಫೋನಿನಲ್ಲಿ ಬಿಕ್ಕಿದಳು. ಸಮಾಧಾನ ಹೇಳಿದೆ, ನಾನೂ ಅತ್ತೆ. ಅವಳಿಗೆ ಕಳೆದುಕೊಳ್ಳಲು ಒಂದು ಹೆಸರಾದರೂ ಇತ್ತು.

ಈಗ ಆ ಮನೆಗೆ ಬೀಗ. ಗೇಟಿನ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ನಿಧಾನವಾಗುತ್ತದೆ. ಕರೆಯಲು ಅಲ್ಲಿ ಯಾರೂ ಇಲ್ಲ. ಇದ್ದಿದ್ದರೂ ಕರೆಯುತ್ತಿದ್ದದ್ದು ಅವಳನ್ನೇ.