ಮೂರು ಚಾಕು, ಒಂದು ಮಾವಿನ ಕಸಿ

ಐವತ್ತರ ದಶಕದ ಕೊನೆಯಲ್ಲಿ ನನ್ನ ಪ್ಯಾಂಟುಗಳೆಲ್ಲ ಬಲಗಡೆಗೆ ವಾಲುತ್ತಿದ್ದವು. ಬಲಜೇಬಿನಲ್ಲಿ ಮಿಲಿಟರಿ ಚಾಕು ಇರುತ್ತಿದ್ದುದೇ ಕಾರಣ. ಸೈನ್ಯದ ಸರಬರಾಜು ವಿಭಾಗದಲ್ಲಿ ಏಳು ವರ್ಷ ದುಡಿದು ಬಂದವನು ನಾನು. ಬಿಡುಗಡೆಯಾದ ಮೇಲೆ ಯಶವಂತಪುರದ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದೆ. ಸಮವಸ್ತ್ರ ಹೋಯಿತು, ಅಭ್ಯಾಸಗಳು ಹೋಗಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಕ್ಷೌರ, ಆರಕ್ಕೆ ಬೂಟಿಗೆ ಪಾಲಿಶ್. ಭಾನುವಾರ ಏಳು ಗಂಟೆಗೆ ಚಾಕುವಿನ ತಪಾಸಣೆ: ಬಿಚ್ಚುವುದು, ಒರೆಸುವುದು, ಕೀಲಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡುವುದು. ಕೊಬ್ಬರಿ ಎಣ್ಣೆ ಕೂಡದು. ಧನುರ್ಮಾಸದ ಚಳಿಗೆ ಅದು ಗಟ್ಟಿಯಾಗಿ ಅಲಗು ಅಂಟಿಕೊಳ್ಳುತ್ತದೆ.

ನನ್ನದು ಇಂಗ್ಲಿಷ್ ಸೈನ್ಯದ ಮಾದರಿ. ಎರಡು ಬದಿಗೂ ಗೀರುಗೀರಾದ ಕಪ್ಪು ಹಿಡಿ, ತುದಿ ಚೂಪಿಲ್ಲದ ಅಗಲವಾದ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ಮಡಚಿಕೊಂಡ ದಪ್ಪನೆಯ ದಬ್ಬಣ. ದಬ್ಬಣ ಇರುವುದು ಹಗ್ಗದ ಗಂಟು ಬಿಡಿಸಲು. ನೆನೆದು ಕಲ್ಲಾದ ಗಂಟಾದರೂ ಸರಿ, ಅದರ ಮೂತಿ ಒಳಗೆ ಹೊಕ್ಕಿತೆಂದರೆ ಗಂಟು ಸಡಿಲವಾಗುತ್ತಿತ್ತು. ಗೋದಾಮಿನಲ್ಲಿ ಬೇರೆಯವರು ಗೋಣಿಚೀಲದ ಹುರಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುವಾಗ ನಾನು ದಬ್ಬಣ ತೆಗೆಯುತ್ತಿದ್ದೆ. ಭಾರ ಮಾತ್ರ ಹೆಚ್ಚು. ಮೂರು ತಿಂಗಳಿಗೊಮ್ಮೆ ಜೇಬು ತೂತಾಗುತ್ತಿತ್ತು, ಅಮ್ಮ ಬೈದುಕೊಂಡು ಖಾಕಿ ತೇಪೆ ಹಾಕುತ್ತಿದ್ದಳು.

ಆಗ ನಾವು ಯಲಹಂಕದ ಹಳೇ ಊರಿನಲ್ಲಿ, ಅಪ್ಪನ ಕಾಲದಿಂದಲೂ ಇದ್ದ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದರು, ಸುತ್ತಲಿನ ರಾಗಿ ಹೊಲದವರ ಮನೆತನ. ಅವರ ಚಾಕು ಪೂರಾ ಉಕ್ಕಿನದು, ನನ್ನದಕ್ಕಿಂತ ಚಿಕ್ಕದು, ಕನ್ನಡಿಯಂತೆ ಹೊಳೆಯುವುದು. ತುಕ್ಕು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ದಬ್ಬಣದ ಬದಲು ಹಿಡಿಯ ತುದಿಯಲ್ಲಿ ತಿರುಪು ತಿರುಗಿಸುವ ಚಪ್ಪಟೆ ನಾಲಿಗೆ. ಆದರೆ ಅಲಗು ಮೆತ್ತನೆಯ ಉಕ್ಕಿನದು. ಬೆಳಿಗ್ಗೆ ಸಾಣೆ ಹಿಡಿದರೆ ಸಂಜೆಗೆ ಬೆಣ್ಣೆ ಕತ್ತರಿಸಲು ಸರಿಹೋಗುತ್ತಿತ್ತು.

ಮೂರನೆಯದು ನನ್ನ ಭಾವನದು. ಅಕ್ಕನ ಗಂಡ ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಲಾರಿ ಓಡಿಸಿದವರು. ಅಲ್ಲಿ ಯಾರೋ ಅಮೆರಿಕದ ಸಿಪಾಯಿ ಕೊಟ್ಟನಂತೆ. ನಾಲ್ಕು ಉಪಕರಣ, ತೆಳ್ಳಗಿನ ಚೂಪಾದ ಅಲಗು, ನೋಡಲು ಮೂರರಲ್ಲಿ ಅದೇ ಅಂದ. ಅದರ ಸ್ಪ್ರಿಂಗ್ ಮಾತ್ರ ಎಷ್ಟು ಬಿಗಿ ಎಂದರೆ, ಭಾವ ಅದನ್ನು ತೆರೆಯುವಾಗ ಮುಖ ಕೆಂಪಾಗಿ ಕಣ್ಣು ಹೊರಗೆ ಬರುತ್ತಿತ್ತು.

ಪ್ರತಿ ಭಾನುವಾರ ಭಾವ ಸೈಕಲ್ಲಿನಲ್ಲಿ ತಿಂಡಿಗೆ ಬರುತ್ತಿದ್ದರು, ಹವಾಲ್ದಾರರು ಕಾಂಪೌಂಡು ಹಾರಿ ಬರುತ್ತಿದ್ದರು. ಜಗಲಿಯ ಮೇಲೆ ಮೂರು ಚಾಕುಗಳನ್ನು ಸಾಲಾಗಿ ಇಟ್ಟು ಪರೀಕ್ಷೆ ಶುರು. ಪೆನ್ಸಿಲ್ ಚೂಪು ಮಾಡುವುದರಲ್ಲಿ ಭಾವನದು ಮೊದಲು. ಡಬ್ಬಿ ತೆರೆಯುವುದರಲ್ಲಿ ನನ್ನದು. ತಿರುಪು ಬಿಗಿಯುವುದರಲ್ಲಿ ಹವಾಲ್ದಾರರದು. ಕಾಲಿಗೆ ಹೊಕ್ಕ ಜಾಲಿಮುಳ್ಳು ತೆಗೆಯುವುದರಲ್ಲಿ ಮೂರೂ ಸೋತು, ಅಮ್ಮನ ಸೂಜಿ ಗೆದ್ದಿತ್ತು.

"ನಿಮ್ದು ಕಡಿಯೋ ಚಾಕು ಅಲ್ಲ ಹವಾಲ್ದಾರ್ರೇ, ಮುಖ ನೋಡ್ಕೊಳ್ಳೋ ಚಾಕು," ಎನ್ನುತ್ತಿದ್ದರು ಭಾವ.

"ನೋಡ್ಕೊಳ್ಳಕ್ಕಾದ್ರೂ ತೆರೀತದೆ ಕಣ್ರೀ. ನಿಮ್ದು ತೆರೀಬೇಕಂದ್ರೆ ಎರಡು ಎತ್ತು ಕಟ್ಟಬೇಕು."

ಅಮ್ಮ ಒಳಗಿಂದ ಹೇಳುತ್ತಿದ್ದಳು: "ಮೂರು ಚಾಕು ಐತೆ, ಇವತ್ತಿನವರೆಗೆ ಒಂದು ಬದನೇಕಾಯಿ ಹೆಚ್ಚಿದ್ದು ನಾನು ಕಾಣೆ."

ಹೀಗೇ ನಡೆದುಹೋಗುತ್ತಿತ್ತೇನೋ. ಆ ವರ್ಷದ ಬೇಸಿಗೆಯಲ್ಲಿ ಮನೆಯ ಯಜಮಾನರು ಬಂದು, ದೀಪಾವಳಿ ಹೊತ್ತಿಗೆ ಮನೆ ಕೆಡವಿ ಹೊಸದು ಕಟ್ಟುತ್ತೇವೆ, ಹಿತ್ತಲಿನ ಮಾವಿನ ಮರವೂ ಹೋಗುತ್ತದೆ ಎಂದರು. ನನಗೇನೂ ಗಾಬರಿಯಾಗಲಿಲ್ಲ. ಹೆಬ್ಬಾಳದ ಊರ ಪಕ್ಕದಲ್ಲಿ ಒಂದು ತುಂಡು ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಯಾಗಿತ್ತು. ಸಾಮಾನುಗಳ ಪಟ್ಟಿ ಬರೆದೆ, ಯಾವುದು ಮೊದಲ ಗಾಡಿಗೆ, ಯಾವುದು ಎರಡನೆಯದಕ್ಕೆ ಎಂದು ಗುರುತು ಹಾಕಿದೆ. ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ.

"ಮರ ಯಾವ ಗಾಡೀಲಿ?" ಎಂದು ಕೇಳಿದಳು.

ನಾನು ನಕ್ಕೆ. ಅವಳು ನಗಲಿಲ್ಲ. ಆ ಮರವನ್ನು ಅವಳು ಮದುವೆಯಾಗಿ ಬಂದ ವರ್ಷ ಓಟೆ ಹೂತು ಬೆಳೆಸಿದ್ದಳು. ಅಪ್ಪ ತೀರಿಕೊಂಡ ಮೇಲೆ ಮಧ್ಯಾಹ್ನದ ಕೆಲಸಗಳೆಲ್ಲ ಅದರ ಕೆಳಗೇ: ಅಕ್ಕಿ ಆರಿಸುವುದು, ಹಪ್ಪಳ ಒತ್ತುವುದು, ಸುಮ್ಮನೆ ಕೂರುವುದು.

"ಓಟೆ ತಗೊಂಡು ಹೋಗಿ ಅಲ್ಲಿ ಹಾಕೋಣ," ಎಂದೆ.

"ಓಟೆಯಿಂದ ಬಂದಿದ್ದು ಇದೇ ಹಣ್ಣು ಕೊಡುತ್ತೆ ಅಂತ ಯಾರು ಹೇಳಿದ್ದು? ಇದೇ ಮರ ಬರಬೇಕು. ಬರಲ್ಲ ಅಂದ್ರೆ ನಾನೂ ಇಲ್ಲೇ ಇರ್ತೀನಿ. ಮನೆ ಕೆಡವೋರು ಸುತ್ತ ಕೆಡವಿಕೊಳ್ಳಲಿ."

ಅಮ್ಮ ಬರೀ ಮಾತಿಗೆ ಹೇಳುವವಳಲ್ಲ. ಮರುದಿನದಿಂದ ನನ್ನ ಪಟ್ಟಿಯ ಒಂದು ಸಾಮಾನನ್ನೂ ಕಟ್ಟಲಿಲ್ಲ.

ಹೆಬ್ಬಾಳದ ಕಡೆಯ ತೋಟವೊಂದರಲ್ಲಿ ಒಬ್ಬ ಮುದುಕ ಮಾಲಿ ನನಗೆ ಪರಿಚಯ. ಅವನನ್ನು ಕರೆತಂದೆ. ಅವನು ಮರವನ್ನು ಸುತ್ತು ಹಾಕಿ ದಾರಿ ಹೇಳಿಕೊಟ್ಟ. ಕುಂಡದಲ್ಲಿ ಮಾವಿನ ಸಸಿ ತಂದು, ಅಟ್ಟಣಿಗೆ ಕಟ್ಟಿ, ಮರದ ಕೊಂಬೆಯ ಪಕ್ಕಕ್ಕೇ ಇಡಬೇಕು. ಸಸಿಯ ಕಾಂಡದಲ್ಲೂ ಕೊಂಬೆಯಲ್ಲೂ ಎರಡೆರಡು ಅಂಗುಲ ತೊಗಟೆ ಹೆರೆದು, ಗಾಯಕ್ಕೆ ಗಾಯ ಸೇರಿಸಿ, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಬೇಕು. ಎರಡೂ ಕೂಡಿಕೊಂಡ ಮೇಲೆ ಸಸಿಯ ತಲೆ ಸವರಿ, ಕೊಂಬೆಯನ್ನು ಮರದಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಬೇರು ಸಸಿಯದು, ಹಣ್ಣು ಈ ಮರದ್ದೇ. ಆಷಾಢದಲ್ಲಿ ಕಟ್ಟಿದರೆ ದೀಪಾವಳಿಗೆ ಸರಿ.

"ಮೂರು ಕುಂಡ ಕಟ್ಟಿ. ಒಂದು ಹೋದ್ರೆ ಇನ್ನೊಂದು ಇರ್ತದೆ," ಎಂದ. "ಚಾಕು ಚೂಪಾಗಿರ್ಲಿ."

ಆ ಕೊನೆಯ ಮಾತನ್ನು ಅವನು ಹೇಳಬಾರದಿತ್ತು. ಮೂರು ಕುಂಡ, ಮೂರು ಚಾಕು. ಆಷಾಢದ ಕೊನೆಯ ಭಾನುವಾರ ಏಳು ಗಂಟೆಗೆ ನಾವು ಮೂವರೂ ಅಟ್ಟಣಿಗೆಯ ಮೇಲಿದ್ದೆವು. ಹಿಂದಿನ ದಿನವಿಡೀ ಸಾಣೆಕಲ್ಲು ಮನೆಯಿಂದ ಮನೆಗೆ ಓಡಾಡಿತ್ತು. ನನ್ನ ಅಗಲವಾದ ಅಲಗು ತೊಗಟೆಯನ್ನು ಒರಟಾಗಿ ಹೆರೆಯಿತು, ಆದರೆ ಅಳತೆ ಕರಾರುವಾಕ್ಕು, ಅಳತೆಪಟ್ಟಿ ಇಟ್ಟೇ ಹೆರೆದೆ. ಹವಾಲ್ದಾರರದು ಮೊದಲ ಅಂಗುಲ ಬೆಣ್ಣೆಯಂತೆ ಹೋಗಿ ಎರಡನೆಯ ಅಂಗುಲದಲ್ಲಿ ಜಾರತೊಡಗಿತು. ಭಾವ ಹತ್ತು ನಿಮಿಷ ತೆರೆಯುವುದರಲ್ಲಿ ಕಳೆದು, ಒಂದೇ ನಿಮಿಷದಲ್ಲಿ ಎರಡು ಗಾಯವನ್ನೂ ಕಾಗದ ಕತ್ತರಿಸಿದಂತೆ ಮಾಡಿ ಮುಗಿಸಿದರು. ಮುಚ್ಚುವಾಗ ಸ್ಪ್ರಿಂಗ್ ಹೊಡೆದು ಹೆಬ್ಬೆರಳಿನ ಉಗುರು ಸೀಳಿತು. ಅಮ್ಮ ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು.

"ಮೂರರಲ್ಲಿ ಯಾವ್ದು ಕೂಡ್ಕೊಳ್ಳುತ್ತೋ ಆ ಚಾಕುವೇ ಗೆದ್ದಂಗೆ," ಎಂದರು ಭಾವ, ಬೆರಳು ಎತ್ತಿ ಹಿಡಿದು.

"ನಂಗೆ ಒಂದು ಕೂಡ್ಕೊಂಡ್ರೆ ಸಾಕಪ್ಪ," ಎಂದಳು ಅಮ್ಮ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸೈನ್ಯದಲ್ಲಿ ಒಂದು ಸಾಮಾನು ಉಗ್ರಾಣಕ್ಕೆ ಬಂದರೆ ವಾರಕ್ಕೊಮ್ಮೆ ಅದನ್ನು ತೆರೆದು ನೋಡಲೇಬೇಕು. ಹಾಗೆ ಬೆಳೆದವನಿಗೆ ಕಣ್ಣಿಗೆ ಕಾಣದಂತೆ ಕಟ್ಟಿಟ್ಟದ್ದನ್ನು ಮೂರು ತಿಂಗಳು ಬಿಡುವುದೆಂದರೆ ಕೈ ಕಟ್ಟಿ ಕೂರಿಸಿದಂತೆ. ಮೊದಲ ಭಾನುವಾರವೇ ಅಟ್ಟಣಿಗೆ ಹತ್ತಿದೆ. ಮಳೆಗೆ ಬಾಳೆನಾರಿನ ಗಂಟು ಬಿಗಿದಿತ್ತು. ದಬ್ಬಣ ತೆಗೆದೆ, ಗಂಟು ಹೂವಿನಂತೆ ಬಿಚ್ಚಿಕೊಂಡಿತು. ಒಳಗೆ ನೋಡಿದೆ, ಇನ್ನೂ ಕೂಡಿರಲಿಲ್ಲ. ಹೊಸ ನಾರಿನಿಂದ ಮೊದಲಿಗಿಂತ ಬಿಗಿಯಾಗಿ ಕಟ್ಟಿ, ನನ್ನ ತಪಾಸಣೆ ಪುಸ್ತಕದಲ್ಲಿ 'ಪ್ರಗತಿ ಇಲ್ಲ' ಎಂದು ಬರೆದೆ. ಹವಾಲ್ದಾರರೂ ಅದೇ ಪಾಠಶಾಲೆಯವರು. ಅವರ ಚಾಕುವಿನ ಚಪ್ಪಟೆ ನಾಲಿಗೆಗೆ ಗಂಟು ಬಗ್ಗಲಿಲ್ಲ.

"ಒಸಿ ನಿಮ್ಮ ದಬ್ಬಣ ಕೊಡ್ರೀ," ಎಂದರು.

ಅವರಿಂದ ಆ ಮಾತು ಕೇಳಿದ ಸಂತೋಷಕ್ಕೆ ತಕ್ಷಣ ಕೊಟ್ಟೆ. ಅವರದೂ ಪ್ರಗತಿ ಇಲ್ಲ.

ಭಾವನಿಗೂ ನೋಡುವ ಆಸೆ. ಆದರೆ ಗಂಟು ಕೊಯ್ಯಬೇಕೆಂದರೆ ಚಾಕು ತೆರೆಯಬೇಕು, ಚಾಕು ತೆರೆಯಬೇಕೆಂದರೆ ಉಗುರು ಬೇಕು. ನನ್ನ ದಬ್ಬಣ ಬೇಕೇ ಎಂದು ಕೇಳಿದೆ.

"ಇಂಗ್ಲಿಷಿನೋನ ಹತ್ರ ಸಾಲ ತಗೊಳ್ಳಲ್ಲ. ಮುಂದಿನ ವಾರ ಉಗುರು ಬೆಳೀಲಿ," ಎಂದರು. ಮುಂದಿನ ವಾರವೂ ಅದೇ ಮಾತು.

ಎಂಟು ಭಾನುವಾರ ಹೀಗೆ ನಡೆಯಿತು. ನನ್ನ ಪುಸ್ತಕದಲ್ಲಿ 'ಪ್ರಗತಿ ಇಲ್ಲ' ಎಂಬ ಸಾಲು ಎಂಟು ಸಲ, ಒಂದರ ಕೆಳಗೊಂದು, ನೇರವಾಗಿ. ಒಂಬತ್ತನೆಯ ವಾರ ಮಾಲಿ ತಾನಾಗಿಯೇ ಬಂದ. ನನ್ನ ಕಟ್ಟನ್ನು ನೋಡಿದ, ಹವಾಲ್ದಾರರದನ್ನು ನೋಡಿದ.

"ಇದು ಆಷಾಢದಾಗೆ ಕಟ್ಟಿದ ನಾರಲ್ಲ. ಯಾರು ಬಿಚ್ಚಿದ್ದು?"

ನಾನು ಪುಸ್ತಕ ತೆಗೆದು ತೋರಿಸಿದೆ. ಪಾಪ, ಅವನಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳಬೇಕಾಯಿತು.

"ವಾರವಾರ ಬಿಚ್ಚಿದ್ರಾ?" ಅವನು ಕೆಳಗೆ ಅಮ್ಮನ ಕಡೆ ನೋಡಿದ. "ಅಮ್ಮಾವ್ರೇ, ಬಾಣಂತಿ ಕೋಣೆ ಬಾಗ್ಲು ಇಂಗೆ ತೆಗೆದು ತೆಗೆದು ನೋಡ್ತಾರಾ ಯಾರಾನಾ? ಸೇರೋಕೆ ಹೊಂಟಾಗೆಲ್ಲ ಕಿತ್ತು ಬಿಟ್ಟವ್ರೆ."

ಅಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಅವಳು ಬೈದಿದ್ದರೆ ನನಗೆ ಸುಲಭವಾಗಿರುತ್ತಿತ್ತು. ಹವಾಲ್ದಾರರು ತಮ್ಮ ಹೊಳೆಯುವ ಚಾಕುವನ್ನು ಜೇಬಿಗೆ ಹಾಕಿ, ಕಾಂಪೌಂಡಿನ ಕಡೆ ನೋಡಿದರು.

ಮಾಲಿ ಮೂರನೆಯ ಕುಂಡದ ಹತ್ತಿರ ಸರಿದ. ಭಾವನ ಕಟ್ಟು ಕೊಳಕಾಗಿ, ಅದರ ಮೇಲೆ ಪಾಚಿ ಕಟ್ಟಿ, ಇರುವೆ ಗೂಡು ಮಾಡಿತ್ತು. ಅವನು ಬಿಚ್ಚಲಿಲ್ಲ. ಮೇಲೆ ಕೆಳಗೆ ಬೆರಳಿಟ್ಟು ಒತ್ತಿದ. ನಾರಿನ ಸಂದಿಯಲ್ಲಿ ಎರಡು ಕಾಂಡವೂ ಉಬ್ಬಿದ್ದನ್ನು ಅಮ್ಮನಿಗೆ ತೋರಿಸಿದ.

"ಇದು ಕೂಡೈತೆ. ಇದ್ಯಾರದು?"

ಭಾವ ಮೀಸೆಯ ಮೇಲೆ ಕೈ ಹಾಕಿದರು. "ನಂದು. ಅಮೆರಿಕದ ಉಕ್ಕು."

"ಉಕ್ಕಲ್ಲ ಭಾವ, ನಿಮ್ಮ ಉಗುರು," ಎಂದೆ.

"ಯಾವ್ದೋ ಒಂದು. ಬಿಚ್ಚಲಿಲ್ವಲ್ಲ, ಪುಣ್ಯ ಕಟ್ಕೊಂಡ್ರಿ ಅಳಿಯಂದ್ರೇ," ಎಂದಳು ಅಮ್ಮ.

ಉಳಿದದ್ದು ಒಂದೇ ಕುಂಡ, ನಾಲ್ಕು ವಾರ. ಮಾಲಿ ಹೇಳಿದ ಲೆಕ್ಕ ಹೀಗಿತ್ತು: ಕೊಂಬೆಯನ್ನು ಕಟ್ಟಿನ ಕೆಳಗೆ ಮೂರರಲ್ಲಿ ಒಂದು ಪಾಲು ಕೊಯ್ಯಬೇಕು, ಏಳು ದಿನ ಬಿಟ್ಟು ಇನ್ನೊಂದು ಪಾಲು, ಮತ್ತೆ ಏಳು ದಿನ ಬಿಟ್ಟು ಪೂರಾ. ಒಂದೇ ಸಲ ಕೊಯ್ದರೆ ಒಣಗುತ್ತದೆ, ದಿನ ತಪ್ಪಿದರೆ ದೀಪಾವಳಿ ಬಂದುಬಿಡುತ್ತದೆ. ಯಾರು ಕೊಯ್ಯುವುದು? ಭಾವನ ಚಾಕುವನ್ನು ಇಕ್ಕಳ ಹಿಡಿದು ತೆರೆದದ್ದಾಯಿತು. ಎರಡು ತಿಂಗಳ ಮಳೆಗಾಲದಲ್ಲಿ ಮುಚ್ಚಿಯೇ ಇದ್ದು ಅಲಗಿಗೆ ತುಕ್ಕು ಹತ್ತಿತ್ತು. ಹವಾಲ್ದಾರರು ತಾವೇ, "ನಂದು ಬ್ಯಾಡ, ಅರ್ಧಕ್ಕೆ ನಿಂತೋಯ್ತದೆ," ಎಂದರು. ಅವರ ಬಾಯಲ್ಲಿ ಆ ಚಾಕುವಿನ ಬಗ್ಗೆ ಅಂಥ ಮಾತು ನಾನು ಅದೇ ಮೊದಲ ಸಲ ಕೇಳಿದ್ದು.

ಅಮ್ಮ ನನ್ನ ಕಡೆ ತಿರುಗಿದಳು.

"ಹೇಳಿದ ದಿನ ಹೇಳಿದಷ್ಟು ಕೊಯ್ಯೋಕೆ ನಿನಗಿಂತ ಯಾರಿದ್ದಾರೆ," ಎಂದಳು. "ಆದ್ರೆ ಕೊಯ್ದ ಮೇಲೆ ಕೆಳಗೆ ಇಳೀಬೇಕು. ನಡುವೆ ಹತ್ತಕೂಡದು. ದಬ್ಬಣ ತೆಗೆದದ್ದು ಕಂಡ್ರೆ ಕೈ ಮುರೀತೀನಿ."

ಮೊದಲ ಭಾನುವಾರ ಏಳು ಗಂಟೆಗೆ ಒಂದು ಪಾಲು ಕೊಯ್ದು ಇಳಿದೆ. ಆ ಏಳು ದಿನ ಗೋದಾಮಿನಲ್ಲಿ ಎಣಿಸಿದ ಚೀಲಗಳನ್ನೇ ಮತ್ತೆ ಎಣಿಸಿದೆ. ಮನೆಯಲ್ಲಿ ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಊಟ ಮಾಡಿದೆ. ಎರಡನೆಯ ಭಾನುವಾರ ಇನ್ನೊಂದು ಪಾಲು. ಕೊಂಬೆಯ ಎಲೆಗಳು ಒಂದು ದಿನ ಬಾಡಿದಂತೆ ಕಂಡವು ಎಂದು ಹವಾಲ್ದಾರರು ಗೋಡೆಯಾಚೆಯಿಂದ ವರದಿ ಮಾಡಿದರು. ನಾನು ಹಿತ್ತಲ ಬಾಗಿಲ ಮೆಟ್ಟಿಲವರೆಗೆ ಹೋದೆ. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು, ಅಕ್ಕಿ ಆರಿಸುವ ನೆಪದಲ್ಲಿ. ವಾಪಸು ಬಂದೆ. ಮರುದಿನ ಮಳೆ ಬಂದು ಎಲೆ ಎದ್ದು ನಿಂತವು. ಮೂರನೆಯ ಭಾನುವಾರ ಅಲಗು ಪೂರಾ ಹಾದುಹೋಯಿತು. ಮಾವಿನ ಕೊಂಬೆ ತನ್ನ ಮರವನ್ನು ಬಿಟ್ಟು ಕುಂಡದ ಮೇಲೆ ನಿಂತಿತು.

ಬುಧವಾರ ನಾನು ಕೆಲಸದಿಂದ ಬಂದಾಗ ಅಮ್ಮ ಹಳೇ ಸೀರೆಗಳಲ್ಲಿ ಪಾತ್ರೆ ಸುತ್ತಿ ಕಟ್ಟುತ್ತಿದ್ದಳು. ನನ್ನ ಪಟ್ಟಿಯನ್ನು ಒಮ್ಮೆಯೂ ಕೇಳಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಮೊದಲು ಎತ್ತಿನ ಗಾಡಿ ಬಂತು. ಯಲಹಂಕದಿಂದ ಹೆಬ್ಬಾಳದವರೆಗೂ ಅಮ್ಮ ಕುಂಡವನ್ನು ಎರಡು ಕಾಲಿನ ನಡುವೆ ಹಿಡಿದು ಕೂತಿದ್ದಳು. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಗಾಡಿಯವನಿಗೆ ಬೈಗುಳ. ಭಾವನೂ ಹವಾಲ್ದಾರರೂ ಸೈಕಲ್ಲಿನಲ್ಲಿ ಹಿಂದೆ ಬಂದರು. ಕೆರೆಯ ಏರಿಯ ಹತ್ತಿರ ಗೆದ್ದದ್ದು ಅಮೆರಿಕವೋ ಇಂಗ್ಲೆಂಡೋ ಎಂಬ ವಾದ ಮತ್ತೆ ಎದ್ದಿತು. ನಾನು ಸೇರಲಿಲ್ಲ.

ಗಿಡವನ್ನು ಹಿತ್ತಲಿನಲ್ಲಿ ನೆಟ್ಟ ಮೇಲೂ ಕಟ್ಟು ಹಾಗೇ ಇತ್ತು. ಕಾಂಡ ದಪ್ಪವಾದಂತೆ ನಾರು ಕತ್ತು ಹಿಸುಕುತ್ತದೆ, ಸಂಕ್ರಾಂತಿ ಕಳೆದ ಮೇಲೆ ತೆಗೆಯಿರಿ ಎಂದು ಮಾಲಿ ಹೇಳಿದ್ದ. ಸಂಕ್ರಾಂತಿ ಕಳೆಯಿತು, ಒಂದು ವಾರವಾಯಿತು. ನಾನು ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಅಮ್ಮನೇ ಹಿತ್ತಲಿನಿಂದ ಕೂಗಿದಳು.

"ಬಾರೋ. ನಿನ್ನ ದಬ್ಬಣ ತಗೊಂಡು ಬಾ."

ಗಂಟು ಒಣಗಿ ಕಲ್ಲಾಗಿತ್ತು. ಮೂತಿಯನ್ನು ಮೆಲ್ಲಗೆ ಒಳಗೆ ತೂರಿಸಿ ಎತ್ತಿದೆ. ನಾರು ಸುರುಳಿ ಸುರುಳಿಯಾಗಿ ಕಳಚಿ ಬಿತ್ತು. ಒಳಗೆ ಎರಡು ತೊಗಟೆ ಎಲ್ಲಿ ಸೇರಿವೆ ಎಂದು ಗೊತ್ತಾಗದಂತೆ ಒಂದಾಗಿದ್ದವು, ಮಗುವಿನ ಮೊಣಕೈಯಂತೆ ಒಂದು ಉಬ್ಬು ಮಾತ್ರ. ಅಮ್ಮ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ನಾನೂ ಮುಟ್ಟಲು ಬಗ್ಗಿದೆ.

"ನೋಡಿದ್ದಾಯ್ತಲ್ಲ," ಎಂದಳು, ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ. "ಇನ್ನು ಮಡಚಿ ಒಳಗಿಡು."