ಅರ್ಧ ಚಾರ್ಜಿನ ವರದಮ್ಮ

ಸಾಗರದ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಾರುತ್ತಿದ್ದ ವರದಮ್ಮನಿಗೆ ಫುಟ್‌ಬಾಲಿನಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ನೀಲಿ ಬನಿಯನ್ನಿನವರು ನಮ್ಮವರು; ಚೆಂಡು ಅವರ ಕಾಲಿಗೆ ಸಿಕ್ಕಾಗ ಕೂಗಬೇಕು. ಇಷ್ಟೇ ವಿದ್ಯೆಯಲ್ಲಿ ಅವಳು ಮೂರು ವರ್ಷಕ್ಕೆ ಆರು ಸಲ ತೀರ್ಥಹಳ್ಳಿಗೆ ಹೋಗಿ, ಬಿಸಿಲಿನಲ್ಲಿ ನಿಂತು, ಗಂಟಲು ಹರಿದುಕೊಂಡು ಬಂದಿದ್ದಳು. ಏಳನೆಯ ಸಲ ಬಸ್ಸು ಹತ್ತುವಾಗ ಅವಳ ಮಂಡಿ ಹಿಡಿದುಕೊಂಡಿತು, ಕಂಡಕ್ಟರು ಕೈ ಕೊಟ್ಟು ಮೇಲೆಳೆದುಕೊಳ್ಳಬೇಕಾಯಿತು. "ಅಜ್ಜಿಗೆ ಚೆಂಡಿನ ಹುಚ್ಚು ಇನ್ನೂ ಬಿಟ್ಟಿಲ್ಲ ನೋಡು" ಎಂದು ಒಳಗಿಂದ ಯಾರೋ ನಕ್ಕರು. ಹುಚ್ಚಂತೆ, ಹುಚ್ಚು! ಹುಚ್ಚು ಹಿಡಿಯುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ವರದಮ್ಮನ ಮೈಯಲ್ಲಿ ಉಳಿದಿದ್ದದ್ದು ದಣಿವು ಮಾತ್ರ.

ಅವಳನ್ನು ಆ ಬಸ್ಸಿಗೆ ಹತ್ತಿಸುತ್ತಿದ್ದದ್ದು ಅರ್ಧ ಚಾರ್ಜು. ಅದು ಹುಟ್ಟಿದ ಬಗೆ ಹೀಗೆ. ಐವತ್ತನೆಯ ಇಸವಿಯ ಆಚೀಚೆ ಸಾಗರದ ಪೇಟೆ ಹುಡುಗರ ಫುಟ್‌ಬಾಲ್ ಕ್ಲಬ್ಬು ಮೊದಲ ಸಲ ತೀರ್ಥಹಳ್ಳಿಗೆ ಆಡಲು ಹೋಯಿತು. ಹನ್ನೊಂದು ಜನ ಆಡುವವರು, ಒಂದು ಚೆಂಡು, ಅದಕ್ಕೆ ಗಾಳಿ ತುಂಬುವ ಪಂಪು. ಮತ್ತೊಂದು ನರಪಿಳ್ಳೆ ಜೊತೆಗಿಲ್ಲ. ಅಲ್ಲಿಯೋ, ಮೈದಾನದ ಸುತ್ತ ಊರಿಗೆ ಊರೇ ನಿಂತು ಬೊಬ್ಬೆ ಹೊಡೆಯಿತು. ಆ ಗದ್ದಲಕ್ಕೆ ರೆಫ್ರಿಯೇ ಬೆದರಿ ಗೋಲಲ್ಲದ್ದನ್ನೂ ಗೋಲೆಂದು ಸೀಟಿ ಊದಿದ ಎಂಬುದು ಸಾಗರದವರ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇರಲಿ. ವಾಪಸು ಬಂದ ಮೇಲೆ ಕಮಿಟಿ ಕೂತು ತೀರ್ಮಾನ ಮಾಡಿತು: ಇನ್ನು ಮುಂದೆ ಪರವೂರಿನ ಆಟಕ್ಕೆ ಕೂಗುವವರನ್ನೂ ಕರೆದೊಯ್ಯುವುದು, ಬಸ್ ಚಾರ್ಜಿನಲ್ಲಿ ಅರ್ಧ ಅವರದು, ಅರ್ಧ ಕ್ಲಬ್ಬಿನದು. ಅದಕ್ಕೆ ಬದಲಾಗಿ ಅವರು ಕೊನೆಯ ಸೀಟಿಯವರೆಗೂ ಕ್ಲಬ್ಬಿನ ಬಾವುಟದ ಕೆಳಗೆ ನಿಂತು ಕೂಗಬೇಕು. ನಡುವೆ ಎದ್ದು ಹೋದವರಿಗೆ ಬರುವಾಗ ಪೂರಾ ಚಾರ್ಜು.

ಕ್ಲಬ್ಬಿನ ಸೆಕ್ರೆಟರಿ ಪುಷ್ಪದಂತ ಶೆಟ್ಟರು. ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಜೈನರು. ಅವರು ಈ ನಿಯಮವನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆಸಿ ಅಂಗಡಿ ಬಾಗಿಲಿಗೆ ಅಂಟಿಸಿದರು. ಹೆಸರು ಕೊಡಲು ಬಂದ ವರದಮ್ಮನಿಗೆ ಓದು ಬಾರದೆಂದು ತಾವೇ ಓದಿಯೂ ಹೇಳಿದರು. ಓದಿ ಹೇಳದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾಕೆಂದರೆ ವರದಮ್ಮನಿಗೆ ಒಂದು ಮಾತು ಕಿವಿಗೆ ಬಿದ್ದರೆ ಮುಗಿಯಿತು, ಅದು ದೇವರೆದುರು ಇಟ್ಟ ಪ್ರಮಾಣ. ಬೇರೆಯವರ ಅರ್ಧ ದುಡ್ಡು ತಿಂದಿದ್ದೇನೆ, ಕೂಗದೆ ಬಂದರೆ ಆ ಋಣ ಮುಂದಿನ ಜನ್ಮಕ್ಕೂ ಬಿಡದು ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಅವಳಿಗೆ ಬೇಕಾಗಿದ್ದದ್ದು ಆಟವಲ್ಲ, ಮಗಳು. ಗಂಡ ಸತ್ತ ಮೇಲೆ ಮಂಡಕ್ಕಿ ಮಾರಿಯೇ ಸಾಕಿದ ಒಬ್ಬಳೇ ಮಗಳು ಮಹಾಲಕ್ಷ್ಮೀಯನ್ನು ತೀರ್ಥಹಳ್ಳಿಯ ಸುಬ್ಬಯ್ಯನಿಗೆ ಕೊಟ್ಟಿದ್ದಳು. ಅಡಿಕೆ ಮಂಡಿಯಲ್ಲಿ ರೈಟರ್ ಆಗಿದ್ದ ಅಳಿಯ ಒಳ್ಳೆಯವನೇ. ಮನೆ ಮೈದಾನದ ಹಿಂದಿನ ಓಣಿಯಲ್ಲಿ. ಆದರೆ ಪೂರಾ ಚಾರ್ಜು ಕೊಟ್ಟು ಹೋಗಿಬರುವುದು ವರದಮ್ಮನ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ದೀಪಾವಳಿಗೆ ಮುಂಚೆ ಒಂದು, ಸಂಕ್ರಾಂತಿ ಕಳೆದು ಒಂದು, ಕ್ಲಬ್ಬಿನ ಆಟವಿದ್ದಾಗಲೇ ಅವಳಿಗೆ ಮಗಳ ಮುಖ.

ಮುಖ ಎಂದರೆ ಬರೀ ಮುಖ. ಬಸ್ಸು ಮೂರೂವರೆಗೆ ಮುಟ್ಟಿದರೆ ನಾಲ್ಕಕ್ಕೆ ಆಟ, ಆಟ ಮುಗಿದ ಕೂಡಲೇ ವಾಪಸು ಬಸ್ಸು. ಆ ಅರ್ಧ ತಾಸಿನಲ್ಲಿ ಓಣಿಗೆ ಹೋಗಿ, ತಂದ ಮಂಡಕ್ಕಿ ಗಂಟನ್ನು ಜಗಲಿಯ ಮೇಲಿಟ್ಟು, ಅಂಚಿನಲ್ಲಿ ಕುಕ್ಕರಿಸಿದಂತೆ ಮಾಡಿ ಎದ್ದುಬಿಡುವಳು. ಬೀಗಿತ್ತಿ ಕನ್ನಮ್ಮ ಒಳಗಿಂದ ಬಂದು, "ಕೂತ್ಕಳಿ, ಕಾಫಿಗೆ ಇಟ್ಟಿದೀನಿ" ಅನ್ನುವರು.

"ಇಲ್ಲ ಬೀಗಿತ್ತಿ, ಕ್ಲಬ್ಬಿನೋರು ಕಾಯ್ತಿರ್ತಾರೆ. ನಾನಿಲ್ದಿದ್ರೆ ಅವರಿಗೆ ಆಟಾನೇ ನಡ್ಯಲ್ಲ" ಎಂದು ವರದಮ್ಮ ಬಡಾಯಿ ಕೊಚ್ಚುವಳು.

ಮತ್ತೇನು ಹೇಳಬೇಕಿತ್ತು? ಅರ್ಧ ಚಾರ್ಜಿನಲ್ಲಿ ಬಂದಿದ್ದೇನೆ, ನಿಂತು ಕೂಗದಿದ್ದರೆ ವಾಪಸು ಹೋಗಲು ಸೆರಗಿನ ತುದಿಯಲ್ಲಿ ಕಾಸಿಲ್ಲ ಎಂದು ಬೀಗರ ಜಗಲಿಯಲ್ಲಿ ಕೂತು ಹೇಳಲಾದೀತೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮಗಳಿಗೂ ಹೇಳಲಿಲ್ಲ, ಮಗಳ ಬಾಯಿಗೂ ಅತ್ತೆಯ ಕಿವಿಗೂ ಎಷ್ಟು ದೂರ! "ನಿನ್ನ ಅವ್ವಂಗೆ ನಿನಗಿಂತ ಚೆಂಡೇ ಹೆಚ್ಚು ಕಣೇ" ಎಂದು ಕನ್ನಮ್ಮ ಸೊಸೆಯನ್ನು ಕೆಣಕುವರು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ, ನಗೆಯಾಡಿದ್ದು. ಮೊದಮೊದಲು ಮಹಾಲಕ್ಷ್ಮೀಯೂ ನಕ್ಕು, ಓಣಿಯ ತುದಿಯವರೆಗೆ ಅವ್ವನನ್ನು ಕಳಿಸಿಕೊಡಲು ಬರುತ್ತಿದ್ದಳು. ನಾಲ್ಕನೆಯ ಸಲದಿಂದ ಜಗಲಿಯ ಕಂಬದ ಹತ್ತಿರವೇ ನಿಂತುಬಿಟ್ಟಳು. ವರದಮ್ಮನಿಗೆ ಅದು ಕಾಣದೇ ಇರಲಿಲ್ಲ. ಸಂಸಾರಸ್ಥೆಗೆ ನೂರೆಂಟು ಕೆಲಸ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈ ಸಲ ಆಟಕ್ಕೆ ವಾರವಿರುವಾಗ ಮಗಳ ಮನೆಯಿಂದ ಒಂದು ಕಾರ್ಡು ಬಂತು. ಅಂಚೆಯವನೇ ಓದಿ ಹೇಳಿದ. ಸುಬ್ಬಯ್ಯನಿಗೆ ಕೊಡಗಿನ ಕಾಫಿ ತೋಟವೊಂದರಲ್ಲಿ ಕೆಲಸ ಸಿಕ್ಕಿದೆ, ಮನೆಮಂದಿಯೆಲ್ಲ ಸೋಮವಾರ ಬೆಳಿಗ್ಗೆ ಹೊರಡುತ್ತೇವೆ. ಆಟ ಭಾನುವಾರ. ಬಾ ಅಂತಲೂ ಇರಲಿಲ್ಲ, ಬರಬೇಡ ಅಂತಲೂ ಇರಲಿಲ್ಲ. ಕೊಡಗಿಗೆ ಸಾಗರದ ಕ್ಲಬ್ಬು ಯಾವ ಜನ್ಮಕ್ಕೂ ಆಡಲು ಹೋಗುವುದಿಲ್ಲ ಎಂಬುದು ವರದಮ್ಮನಿಗೂ ತಿಳಿಯುತ್ತಿತ್ತು. ಮಗಳ ಪಕ್ಕದಲ್ಲಿ ಒಂದೇ ಒಂದು ತಾಸು ಕೂರಬೇಕು, ಶೆಟ್ಟರ ಕಾಲು ಹಿಡಿದಾದರೂ ಅಪ್ಪಣೆ ಕೇಳಬೇಕು ಎಂದು ಅವಳು ಆ ವಾರವೆಲ್ಲ ಮಂಡಕ್ಕಿ ಅಳೆಯುತ್ತ ಅಂದುಕೊಂಡಳು.

ಬಸ್ಸಿನಲ್ಲಿ ಶೆಟ್ಟರು ಮುಂದಿನ ಸೀಟಿನಲ್ಲಿದ್ದರು. ಕೇಳೋಣವೆಂದು ಎರಡು ಸಲ ಕಂಬಿ ಹಿಡಿದು ಎದ್ದಳು, ಎರಡು ಸಲವೂ ಕೂತಳು. ಎಲ್ಲರೆದುರು ಇಲ್ಲ ಅಂದುಬಿಟ್ಟರೆ? ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಇರಲಿಲ್ಲ; ಹೊಸನಗರ ಬರುವಷ್ಟರಲ್ಲಿ ಕಣ್ಣು ಎಳೆಯಿತು. ಎಚ್ಚರವಾದಾಗ ಬಸ್ಸು ಅಲ್ಲೇ ನಿಂತಿತ್ತು, ಟೈರಿನ ಗಾಳಿ ಇಳಿದಿತ್ತು. ಅದನ್ನು ಬಿಚ್ಚಿ, ತೇಪೆ ಹಾಕಿ, ಬೈದಾಡಿಕೊಂಡು ಹೊರಟು ತೀರ್ಥಹಳ್ಳಿ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ. ನೀಲಿ ಬನಿಯನ್ನಿನವರು ಬಸ್ಸಿನಿಂದ ಸೀದಾ ಮೈದಾನಕ್ಕೆ ಓಡಿದರು. ಅವರ ಹಿಂದೆ ಬಾವುಟ, ಬಾವುಟದ ಹಿಂದೆ ಗಂಟು ಕಂಕುಳಲ್ಲಿ ಇರುಕಿಕೊಂಡ ವರದಮ್ಮ. ಓಣಿಯ ಕಡೆ ಕತ್ತು ತಿರುಗಿಸುವುದಕ್ಕೂ ಪುರುಸೊತ್ತಾಗಲಿಲ್ಲ.

ಆಟ ಶುರುವಾಯಿತು. ವರದಮ್ಮ ಎಂದಿನಂತೆ ಎಲ್ಲರಿಗಿಂತ ಮುಂದೆ, ಗೆರೆಗೆ ಕಾಲು ತಾಗುವಷ್ಟು ಹತ್ತಿರ ನಿಂತು ಕೂಗಿದಳು. ಪಕ್ಕದಲ್ಲಿ ಹಮಾಲಿ ಜಟ್ಟಿಂಗಪ್ಪ, ಅವನದು ಸಂತೆಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಗಂಟಲು. ಚೆಂಡು ಅತ್ತ ಹೋಯಿತು, ಇತ್ತ ಬಂತು. ಮೈದಾನದ ಆಚೆ ಆ ಓಣಿಯ ಹೆಂಚುಗಳು ಕಾಣುತ್ತಿದ್ದವು. ಯಾವುದು ಮಗಳ ಮನೆಯ ಹೆಂಚು ಎಂದು ಗುರುತು ಹಿಡಿಯಲು ನೋಡುತ್ತಿದ್ದರೆ ಕಣ್ಣು ಮಂಜಾಗಿ, ನೀಲಿ ಬನಿಯನ್ನಿಗೆ ಕೂಗುವ ಬದಲು ಒಂದೆರಡು ಸಲ ಕೆಂಪು ಬನಿಯನ್ನಿಗೆ ಕೂಗಿಬಿಟ್ಟಳು. ಜಟ್ಟಿಂಗಪ್ಪ ಮೊಣಕೈಯಲ್ಲಿ ತಿವಿದು, "ಅವರು ಬ್ಯಾರೆಯೋರು ವರದಮ್ಮ" ಎಂದ. ಕೂಗಿ ಕೂಗಿ ಅವಳಿಗೆ ಸಾಕೋ ಸಾಕಾಗಿತ್ತು. ಇಷ್ಟು ವರ್ಷ ಒಲೆಯ ಮುಂದೆ ನಿಂತು ಮಂಡಕ್ಕಿ ಹುರಿದ ಕಾಲುಗಳು ಈಗ ಯಾರದೋ ಚೆಂಡಿಗಾಗಿ ನಿಂತು ನೋಯುತ್ತಿದ್ದವು.

ಅರ್ಧ ಆಟ ಮುಗಿದ ಸೀಟಿ ಆಯಿತು. ಶೆಟ್ಟರು ಪಟ್ಟಿ ಬಿಚ್ಚಿ ಹೆಸರು ಕೂಗಿದರು. ಜಟ್ಟಿಂಗಪ್ಪ ಒಂದೊಂದಕ್ಕೂ "ಇದಾರೆ, ಇದಾರೆ" ಅನ್ನುತ್ತ ಹೋದ. ಅದಾದ ಮೇಲೆ ಶೆಟ್ಟರು ಗೋಳಿಮರದ ಬುಡಕ್ಕೆ ಹೋಗಿ ಊಟದ ಡಬ್ಬಿ ತೆರೆದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ, ಬಸ್ಸು ಸಾಗರ ಮುಟ್ಟುವುದೋ ಕತ್ತಲಾದ ಮೇಲೆ. ಪ್ರತಿ ಸಲವೂ ಅವರ ಊಟ ಈ ನಡುಬಿಡುವಿನಲ್ಲೇ. ವರದಮ್ಮ ಹತ್ತಿರ ಹೋಗಿ ನಿಂತಳು.

"ಶೆಟ್ರೆ, ಒಂದು ಮಾತಿತ್ತು."

"ಹೇಳು ಮಾರಾಯ್ತಿ. ಉಣ್ತಾನೇ ಕೇಳ್ತೀನಿ, ಹೊತ್ತು ಇಳೀತಾ ಬಂತು."

"ಇದೊಂದ್ ಸಲ ನಂಗೆ ಅಪ್ಪಣೆ ಕೊಡ್ಬೇಕು. ಮಗಳು ನಾಳೆ ಊರು ಬಿಡ್ತಾಳೆ. ಈಗ ಹೋದ್ರೆ ಒಂದ್ ಗಳಿಗೆ ಕೂತು ಬರ್ತೀನಿ. ಉಳಿದ ಚಾರ್ಜನ್ನ ಊರಿಗೆ ಹೋಗಿ ಮಂಡಕ್ಕಿ ಮಾರಿ ತೀರಿಸ್ತೀನಿ, ಒಂದ್ ತಿಂಗಳು ತಡೀರಿ."

ಶೆಟ್ಟರ ಕೈ ತುತ್ತಿನ ಸಮೇತ ನಿಂತಿತು. "ಹೋಗ್ಬೇಡ ಅಂದೋರ್ ಯಾರು?"

"ನೀವೇ ಓದಿ ಹೇಳಿದ್ರಲ್ಲ. ಕೊನೇ ಸೀಟಿ ತನಕ ನಿಲ್ಬೇಕು ಅಂತ."

"ಅಯ್ಯೋ, ಅದು ಕಮಿಟಿಯೋರಿಗೆ ತೋರ್ಸಕ್ಕೆ ಬರ್ಸಿದ್ದು. ಹಿಂದೆ ತಿರುಗಿ ನೋಡು. ಬಸ್ಸಲ್ಲಿ ಎಷ್ಟು ಜನ ಬಂದ್ವಿ, ಈಗ ಎಷ್ಟು ಜನ ಇದಾರೆ?"

ವರದಮ್ಮ ತಿರುಗಿ ನೋಡಿದಳು. ಮೂರು ವರ್ಷದಲ್ಲಿ ಅವಳು ಹಾಗೆ ಹಿಂದೆ ನೋಡಿದ್ದು ಅದೇ ಮೊದಲು. ಬಾವುಟದ ಕೆಳಗೆ ಎಂಟೊಂಬತ್ತು ಜನ ಇದ್ದರು. ಅದರಲ್ಲಿ ಇಬ್ಬರು ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿದ್ದರು.

"ಒಬ್ಬ ಹೊಳೇಲಿ ಮೀಯಕ್ಕೆ ಹೋದ, ಒಬ್ಬ ಅಕ್ಕನ ಮನೆಗೆ ಹೋದ" ಎಂದರು ಶೆಟ್ಟರು. "ನಾಲ್ಕು ಜನ ನೆಂಟರಿದಾರೆ ಅಂತ ಹೊಸನಗರದಲ್ಲೇ ಇಳ್ಕಂಡ್ರು. ನಾನು ಹೆಸರು ಕೂಗ್ತೀನಿ, ಜಟ್ಟಿಂಗಪ್ಪ ಇದಾರೆ ಅಂತಾನೆ. ಶುರುವಿಂದ್ಲೂ ಹೀಗೇ. ಮನುಷ್ಯರನ್ನ ಗೂಟಕ್ಕೆ ಕಟ್ಟಕ್ಕಾಗ್ತದಾ? ನಂಗೂ ಸಾಕಾಗಿಹೋಗಿದೆ ವರದಮ್ಮ."

"ಶುರುವಿಂದ್ಲೂ?"

"ಹ್ಞೂ ಮತ್ತೆ. ನೀನು ಆಟದ ಆಸೆಗೇ ನಿಲ್ತೀಯ ಅಂದ್ಕಂಡಿದ್ದೆ. ಕಮಿಟೀಲೂ ಹೇಳಿದೀನಿ, ನಮ್ಮ ಕ್ಲಬ್ಬಿನ ಮೇಲೆ ನಿಜವಾದ ಪ್ರೀತಿ ಇರೋದು ಅಂದ್ರೆ ಮಂಡಕ್ಕಿ ವರದಮ್ಮಂಗೆ ಒಬ್ಬಳಿಗೇ ಅಂತ."

ಅವಳಿಗೆ ಮೊದಲು ಸಿಟ್ಟು ಬಂದದ್ದು ಶೆಟ್ಟರ ಮೇಲೆ. ಆಮೇಲೆ ಜಟ್ಟಿಂಗಪ್ಪನ ಮೇಲೆ. ಅದೂ ನಿಲ್ಲಲಿಲ್ಲ, ತನ್ನ ಮೇಲೆಯೇ ತಿರುಗಿತು. ಆರು ಸಂಜೆ. ಒಂದೊಂದು ಸಂಜೆಯೂ ಎರಡೆರಡು ತಾಸು, ಕೂಗಳತೆಯ ದೂರದಲ್ಲಿ ಮಗಳನ್ನು ಇಟ್ಟುಕೊಂಡು ಚೆಂಡಿಗೆ ಕೂಗಿದ್ದಳು. ಊರಿನ ಕಳ್ಳರೆಲ್ಲ ಅಕ್ಕನ ಮನೆ, ಭಾವನ ಮನೆ ಎಂದು ಉಂಡು ಬಂದರು. ನೆಟ್ಟಗೆ ನಡೆದವಳು ಬಿಸಿಲಲ್ಲಿ ಒಣಗಿದಳು. ಗಂಟನ್ನು ಎತ್ತಿಕೊಂಡು, ಶೆಟ್ಟರಿಗೆ ಬರುತ್ತೇನೆ ಎಂದೂ ಹೇಳದೆ ಮೈದಾನ ದಾಟಿ ನಡೆದಳು.

ಓಣಿಯ ಮನೆಯ ಜಗಲಿಯ ಮೇಲೆ ಎರಡು ಟ್ರಂಕು, ಗೋಣಿಚೀಲದಲ್ಲಿ ಪಾತ್ರೆಗಳು. ಮಹಾಲಕ್ಷ್ಮೀ ಒಂದು ಚೀಲದ ಬಾಯಿಗೆ ಹಗ್ಗ ಬಿಗಿಯುತ್ತಿದ್ದಳು. ಒಳಗೆ ಕನ್ನಮ್ಮನವರು ಏನನ್ನೋ ಎಳೆದಾಡುವ ಸದ್ದು ಕೇಳುತ್ತಿತ್ತು.

"ಆಟ ಮುಗೀತಾ?" ಮಗಳು ತಲೆ ಎತ್ತದೆ ಕೇಳಿದಳು.

"ಇನ್ನೂ ಅರ್ಧ ಇದೆ."

ಹಗ್ಗ ಎಳೆಯುತ್ತಿದ್ದ ಕೈ ನಿಂತಿತು. "ಅರ್ಧಕ್ಕೇ ಎದ್ದು ಬಂದ್ಯಾ?"

ವರದಮ್ಮ ಟ್ರಂಕಿನ ಮೇಲೆ ಕುಸಿದು ಕೂತಳು. ಎಲ್ಲವನ್ನೂ ಹೇಳಿದಳು. ಅರ್ಧ ಚಾರ್ಜು, ಅಂಗಡಿ ಬಾಗಿಲ ಕಾಗದ, ಕೈಯಲ್ಲಿ ಕಾಸಿಲ್ಲದ್ದು, ನಾನಿಲ್ಲದೆ ಆಟ ನಡೆಯದು ಎಂದು ಕೊಚ್ಚಿದ ಸುಳ್ಳು, ಜಟ್ಟಿಂಗಪ್ಪನ ಇದಾರೆ ಇದಾರೆ. ಬೀಗಿತ್ತಿ ಬಂದು ಬಾಗಿಲಲ್ಲಿ ನಿಂತದ್ದು ಕಂಡರೂ ನಿಲ್ಲಿಸಲಿಲ್ಲ. ಮಾನ ಹೋದರೆ ಹೋಗಲಿ, ಅದನ್ನು ಹೊತ್ತುಕೊಂಡೂ ಸುಸ್ತಾಗಿತ್ತು. ಕನ್ನಮ್ಮನವರು ಕಾಫಿಗೆ ಇಡಲು ಒಳಗೆ ಹೋದರು.

"ನಡುವೆ ಎದ್ದು ಬರಬಹುದಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಗಾ" ಎಂದಳು ವರದಮ್ಮ.

ಮಹಾಲಕ್ಷ್ಮೀ ಹಗ್ಗ ಬಿಟ್ಟು ಬಂದು ಅವ್ವನ ಕಾಲ ಬುಡದಲ್ಲಿ ಕೂತಳು.

"ನಂಗೂ ಗೊತ್ತಿರ್ಲಿಲ್ಲ ಅವ್ವ" ಎಂದಳು. "ನಿಂಗೆ ನನ್ನ ಹತ್ರ ಬರ್ಬೇಕು ಅಂತಿತ್ತು ಅಂತ."